ಮಣ್ಣಿಲ್ಲದ ಹಿತ್ತಲು

ಮಣ್ಣು ಎಂಬ ಮಾತು ನಮ್ಮ ನುಡಿಯಲ್ಲಿ ಬಾಳಿನ ಎರಡು ತುದಿಗಳನ್ನೂ ಮುಟ್ಟುತ್ತದೆ. ಜನಿಸಿದ ಊರನ್ನು ಹುಟ್ಟಿದ ಮಣ್ಣು ಎನ್ನುತ್ತೇವೆ. ತೀರಿಕೊಂಡವರನ್ನು ಮಣ್ಣು ಮಾಡಿದೆವು ಎನ್ನುತ್ತೇವೆ. ನಡುವೆ ಉಣ್ಣುವ ಅನ್ನವೂ ಮಣ್ಣಿನದೇ. ಹೀಗಿರುವಾಗ ಎಪ್ಪತ್ತು ದಾಟಿದ ಮೇಲೆ ನಾವು ಮಣ್ಣಿನ ಹಂಗಿಲ್ಲದೆ ಹಿತ್ತಲಲ್ಲಿ ಕಾಯಿಪಲ್ಯ ಬೆಳೆಯಲು ಹೊರಟ ಸುದ್ದಿ ಕೇಳಿ ಊರ ಹಿರಿಯರು ನಕ್ಕದ್ದರಲ್ಲಿ ಆಶ್ಚರ್ಯವೇನೂ ಇಲ್ಲ. “ಬುಡ ಇಲ್ಲದ ಮಾತು ಭಾಳ ಕೇಳೀವ್ರಿ ಮಾಸ್ತರ, ಬುಡ ಇಲ್ಲದ ಬೆಳಿ ಇನ್ನ ನೋಡಬೇಕು” ಎಂದು ಒಬ್ಬರು ಹೇಳಿದರು. ಆ ಬೆಳೆಯ ಕಥೆಯನ್ನೂ ಅದು ನಮಗೆ ಕಲಿಸಿದ್ದನ್ನೂ ಸಂಘದ ಬಂಧುಗಳ ಮುಂದಿಡುವುದು ಈ ಬರಹದ ಉದ್ದೇಶ.

ಅಕ್ಕಲಕೋಟ ತಾಲ್ಲೂಕಿನ ನಮ್ಮ ಸೀಮೆ ಮಳೆನೆರಳಿನ ನಾಡು. ಆದರೂ ಇಲ್ಲಿ ಜೋಳ ಬೆಳೆಯುತ್ತದೆ. ಹಿಂಗಾರಿ ಜೋಳ ಬಿತ್ತಿದ ಮೇಲೆ ಮಳೆ ಬಂದರೂ ಸರಿ, ಬರದಿದ್ದರೂ ಸರಿ. ಮಳೆಗಾಲದಲ್ಲಿ ಕುಡಿದ ನೀರನ್ನು ಎರೆಭೂಮಿ ತನ್ನ ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡು, ತಿಂಗಳುಗಟ್ಟಲೆ ಬೇರಿಗೆ ತುಸು ತುಸುವಾಗಿ ಉಣಿಸುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟುವುದನ್ನೇ ಶಿವಕಾರ್ಯವೆಂದು ಬಗೆದರೆಂದರೆ ಈ ಸೀಮೆಯಲ್ಲಿ ನೀರಿನ ಬೆಲೆ ಎಷ್ಟೆಂಬುದು ತಿಳಿಯುತ್ತದೆ. ಇಂದಿಗೂ ಸೊಲ್ಲಾಪುರದಲ್ಲಿ ಅವರ ಗುಡಿಯನ್ನು ನೀರು ಸುತ್ತುವರಿದಿದೆ. ಸಂಕ್ರಾಂತಿಯ ಗಡ್ಡದ ಜಾತ್ರೆಗೆ ಹೋದವರೆಲ್ಲ ಅದನ್ನು ಕಂಡವರೇ.

ನಮ್ಮ ಹಿತ್ತಲು ನಮ್ಮ ಶ್ರೀಮತಿಯವರದು. ಮೂವತ್ತು ವರ್ಷಗಳಿಂದ ಮೆಂತೆ, ಪಾಲಕ, ರಾಜಗಿರಿ, ಕೊತ್ತಂಬರಿ, ಬದನೆ, ಒಂದು ಕರಿಬೇವು ಅವರ ಕೈಯಲ್ಲಿ ಬೆಳೆದಿವೆ. ನಾವು ನಿವೃತ್ತರಾದ ಕೆಲವು ವರ್ಷಗಳಲ್ಲಿ ಕೊಳವೆಬಾವಿಯ ನೀರು ಕೆಳಕ್ಕೆ ಇಳಿಯುತ್ತ, ಸವುಳಾಗುತ್ತ ಹೋಯಿತು. ಪಾತಿಗಳ ಮೇಲೆ ಬಿಳಿಯ ಪೊರೆ ಕಟ್ಟಿತು. ಬೇಸಿಗೆಯಲ್ಲಿ ಟ್ಯಾಂಕರು ತಂದು ಹಾಕುವ ನೀರು ಕುಡಿಯಲು ಮತ್ತು ಅಡಿಗೆಗೆ ಸಾಕಾಗುತ್ತಿತ್ತೇ ಹೊರತು ಪಾತಿಗಳಿಗೆ ಉಳಿಯುತ್ತಿರಲಿಲ್ಲ. ಒಂದು ವರ್ಷ ಯುಗಾದಿಯ ಹೊತ್ತಿಗೆ ಹಿತ್ತಲು ಬರಿದಾಯಿತು. ಶ್ರೀಮತಿಯವರು ಏನೂ ಹೇಳಲಿಲ್ಲ; ಬೆಳಿಗ್ಗೆ ಎದ್ದು ಹಿತ್ತಲ ಬಾಗಿಲು ತೆರೆಯುವುದನ್ನೇ ನಿಲ್ಲಿಸಿದರು. ಆ ಬಾಗಿಲನ್ನು ಮತ್ತೆ ತೆರೆಯಿಸಬೇಕೆಂಬುದಷ್ಟೇ ನಮ್ಮ ಈ ಸಾಹಸದ ಮೂಲ.

ಮಣ್ಣಿಲ್ಲದ ಬೇಸಾಯ ಹೊಸದೇನಲ್ಲ. ಕಾಶ್ಮೀರದ ದಾಲ್ ಸರೋವರದಲ್ಲಿ ಜೊಂಡು ಮತ್ತು ನೀರುಸಸ್ಯಗಳನ್ನು ಹೆಣೆದ ತೇಲುವ ತೋಟಗಳು ಬಹು ಹಿಂದಿನಿಂದಲೂ ಇವೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜರ್ಮನಿಯ ಸ್ಯಾಕ್ಸ್ ಮತ್ತು ನಾಪ್ ಎಂಬ ವಿಜ್ಞಾನಿಗಳು ಲವಣಗಳನ್ನು ಕರಗಿಸಿದ ಬರಿಯ ನೀರಿನಲ್ಲೇ ಗಿಡಗಳನ್ನು ಬೆಳೆಸಿ ತೋರಿಸಿದರು. ಹೈಡ್ರೋಪೋನಿಕ್ಸ್ ಎಂಬ ಹೆಸರನ್ನು 1937ರಲ್ಲಿ ಬಳಕೆಗೆ ತಂದವರು ಕ್ಯಾಲಿಫೋರ್ನಿಯದ ಗೆರಿಕೆ. ಗ್ರೀಕ್ ಭಾಷೆಯಲ್ಲಿ ನೀರು ಮತ್ತು ದುಡಿಮೆ ಎಂಬ ಅರ್ಥದ ಎರಡು ಮಾತುಗಳು ಕೂಡಿ ಆ ಹೆಸರಾಗಿದೆ. ಹೆಸರಿನ ಅರ್ಧ ನೀರು, ಇನ್ನರ್ಧ ದುಡಿಮೆ ಎಂಬುದನ್ನು ಈ ದಾರಿ ಹಿಡಿಯುವವರು ಮೊದಲೇ ಗಮನಿಸುವುದು ಲೇಸು.

ನಮ್ಮ ಸಲಕರಣೆ ಸರಳವಾದುದು. ಪುಣೆಯಲ್ಲಿರುವ ಮಗ ಆರು ಪಿವಿಸಿ ಕೊಳವೆಗಳನ್ನು ತೂತು ಕೊರೆಯಿಸಿ ತಂದು ಕಬ್ಬಿಣದ ಚೌಕಟ್ಟಿನ ಮೇಲೆ ಕೂಡಿಸಿಕೊಟ್ಟ. ಕೆಳಗೊಂದು ಪ್ಲಾಸ್ಟಿಕ್ ಟ್ಯಾಂಕು. ಅದರಲ್ಲಿ ಮುಳುಗಿರುವ ಪುಟ್ಟ ಪಂಪು. ನೀರು ಮೇಲೇರಿ, ಕೊಳವೆಗಳಲ್ಲಿ ತೆಳ್ಳಗೆ ಹರಿದು, ಬೇರುಗಳನ್ನು ತೋಯಿಸಿ ಮರಳಿ ಟ್ಯಾಂಕಿಗೆ ಬೀಳುತ್ತದೆ. ಸಣ್ಣ ಬುಟ್ಟಿಗಳಲ್ಲಿ ತೆಂಗಿನ ನಾರಿನ ಪುಡಿ ತುಂಬಿ ಸಸಿ ನಿಲ್ಲಿಸುವುದು. ಗಿಡ ಕುಡಿದದ್ದು ಮತ್ತು ಆವಿಯಾದದ್ದು ಬಿಟ್ಟರೆ ನೀರು ಎಲ್ಲಿಗೂ ಹೋಗುವುದಿಲ್ಲ. ಎರಡು ಕೊಡ ನೀರಿನಲ್ಲಿ ದಿನ ಕಳೆಯುವ ಈ ಏರ್ಪಾಡು ನಮ್ಮಂಥ ಊರಿಗೆ ವರದಂತೆ ಕಂಡಿತು.

ಮೊದಲ ಕಷ್ಟ ಬಂದದ್ದು ಆ ನೀರಿನಿಂದಲೇ. ಪಾಲಕಿನ ಎಳೆಯ ಎಲೆಗಳು ಹಳದಿಗೆ ತಿರುಗಿದವು. ನರಗಳು ಮಾತ್ರ ಹಸಿರಾಗಿ ಉಳಿದು ಎಲೆ ಬಲೆಯಂತೆ ಕಾಣತೊಡಗಿತು. ನಾವು ಬಿ.ಎ., ಬಿ.ಎಡ್. ಮಾಡಿ ಕನ್ನಡ ಮತ್ತು ಇತಿಹಾಸ ಬೋಧಿಸಿದವರು. ರಸಾಯನಶಾಸ್ತ್ರ ನಮ್ಮ ಪಾಲಿನ ವಿಷಯವಲ್ಲ. ನಿವೃತ್ತ ವಿಜ್ಞಾನ ಶಿಕ್ಷಕರಾದ ಮಿತ್ರರೊಬ್ಬರು ಬಂದು ನೋಡಿ, ಇದು ಕಬ್ಬಿಣದ ಕೊರತೆಯ ಲಕ್ಷಣವೆಂದರು. ಹಳೆಯ ಎಲೆ ಮೊದಲು ಹಳದಿಯಾದರೆ ಸಾರಜನಕದ ಕಡೆಗೆ ನೋಡಬೇಕು. ಹೊಸ ಎಲೆ ಮೊದಲು ಬಿಳಚಿಕೊಂಡರೆ ಕಬ್ಬಿಣದ ಕಡೆಗೆ. ಸೋಜಿಗವೆಂದರೆ ದ್ರಾವಣದಲ್ಲಿ ಕಬ್ಬಿಣವನ್ನು ಹಾಕಿಯೇ ಇತ್ತು. ನೀರಿನ ಪಿಎಚ್ ಎಂಟರ ಹತ್ತಿರವಿದ್ದುದರಿಂದ ಅದು ಬೇರಿಗೆ ಸಿಗದಂತೆ ಗಟ್ಟಿಯಾಗಿ ತಳ ಸೇರುತ್ತಿತ್ತು. ತಾಟಿನಲ್ಲಿ ಅನ್ನವಿದ್ದೂ ಉಣ್ಣಲು ಬಾರದ ಸ್ಥಿತಿ!

ಇಂಥ ಗಿಡಗಳಿಗೆ ಪಿಎಚ್ 5.5ರಿಂದ 6.5ರ ನಡುವೆ ಇರಬೇಕು. ಆರಕ್ಕೂ ಎಂಟಕ್ಕೂ ಎರಡೇ ಅಂಕಿಗಳ ಅಂತರವೆಂದು ತಿಳಿಯಲಾಗದು. ಈ ಮಾಪನದಲ್ಲಿ ಒಂದೊಂದು ಅಂಕಿಯೂ ಹತ್ತು ಪಟ್ಟು, ಎರಡು ಅಂಕಿಗಳೆಂದರೆ ನೂರು ಪಟ್ಟು. ಆಮ್ಲ ಬೆರೆಸಿ ಸಂಜೆ ಆರಕ್ಕೆ ಇಳಿಸಿದ ಪಿಎಚ್ ಮರುದಿನ ಮತ್ತೆ ಏಳೂವರೆಗೆ ಏರಿರುತ್ತಿತ್ತು. ನಮ್ಮ ಸೀಮೆಯ ಕೊಳವೆಬಾವಿಯ ನೀರಿನಲ್ಲಿ ಬೈಕಾರ್ಬೊನೇಟು ಹೇರಳವಾಗಿದ್ದು, ಅದು ತೀರುವವರೆಗೂ ಆಮ್ಲವನ್ನು ನುಂಗುತ್ತಲೇ ಇರುತ್ತದೆ. ಇನ್ನೊಂದು ತೊಡಕು ನೀರಿನಲ್ಲಿ ಮೊದಲೇ ಕರಗಿರುವ ಉಪ್ಪಿನದು. ಅದನ್ನು ಅಳೆಯುವುದು ನೀರಿನ ವಿದ್ಯುತ್ ವಾಹಕತೆಯಿಂದ. ಸೊಪ್ಪಿನ ಬೆಳೆಗೆ 1.2ರಿಂದ 2ರವರೆಗೆ ಇದ್ದರೆ ಸಾಕು. ನಮ್ಮ ನೀರು ಏನೂ ಬೆರೆಸದೆಯೇ 1.4 ತೋರಿಸುತ್ತಿತ್ತು. ಪಾತ್ರೆ ಮೊದಲೇ ಬೇಡದ ಉಪ್ಪಿನಿಂದ ತುಂಬಿದ್ದರೆ ಬೇಕಾದ ಆಹಾರಕ್ಕೆ ಜಾಗವೆಲ್ಲಿ?

ಪರಿಹಾರ ಮನೆಯ ಮಾಳಿಗೆಯ ಮೇಲೆಯೇ ಇತ್ತು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಮಾಳಿಗೆ 60 ಚದರ ಮೀಟರ್. 20 ಮಿಲಿಮೀಟರಿನ ಒಂದು ಹದವಾದ ಮಳೆಗೆ 1200 ಲೀಟರ್. ಸೋರಿದ್ದು, ಮೊದಲ ಕೊಳೆನೀರು ಕಳೆದರೂ ಸಾವಿರಕ್ಕೆ ಮೋಸವಿಲ್ಲ. ಏಳನೆಯ ಇಯತ್ತೆಯ ಮಕ್ಕಳಿಗೆ ಎಷ್ಟೋ ವರ್ಷ ಹೇಳಿಕೊಟ್ಟ ಕ್ಷೇತ್ರಫಲದ ಲೆಕ್ಕ ನಮ್ಮ ಮನೆಗೆ ಉಪಯೋಗವಾದದ್ದು ಅಂದೇ. ಮಳೆನೀರನ್ನು ಮುಚ್ಚಿದ ಟ್ಯಾಂಕುಗಳಲ್ಲಿ ಹಿಡಿದಿಟ್ಟು ಬೋರಿನ ನೀರಿಗೆ ಅರ್ಧಕ್ಕರ್ಧ ಬೆರೆಸತೊಡಗಿದ ಮೇಲೆ ಎಲೆಗಳಿಗೆ ಬಣ್ಣ ಮರಳಿತು.

ಮಿಕ್ಕ ಕಷ್ಟಗಳನ್ನು ಚಿಕ್ಕದಾಗಿ ಹೇಳಬಹುದು. ಕ್ಯಾಲ್ಸಿಯಂ ನೈಟ್ರೇಟನ್ನು ಸಲ್ಫೇಟು, ಫಾಸ್ಫೇಟುಗಳೊಂದಿಗೆ ಗಟ್ಟಿ ದ್ರಾವಣವಾಗಿ ಬೆರೆಸಿದರೆ ಸುಣ್ಣದಂತೆ ಒಡೆದು ತಳ ಹಿಡಿಯುತ್ತದೆ. ಆದ್ದರಿಂದ ಗೊಬ್ಬರದ ದ್ರಾವಣವನ್ನು ಎರಡು ಬಾಟಲಿಗಳಲ್ಲಿ ಬೇರೆ ಬೇರೆ ಇಟ್ಟು, ತುಂಬ ನೀರಿನಲ್ಲಿ ಒಂದಾದ ಮೇಲೊಂದು ಸೇರಿಸಬೇಕು. ಬೆಳಕು ಬಿದ್ದ ಕಡೆಯೆಲ್ಲ ಪಾಚಿ ಕಟ್ಟುತ್ತದೆ. ಟ್ಯಾಂಕಿಗೆ ಕಪ್ಪು ಹೊದಿಕೆ ಬೇಕು. ತೆರೆದ ನೀರು ಸೊಳ್ಳೆಯ ತವರು. ಸಣ್ಣ ಕಣ್ಣಿನ ಜಾಳಿಗೆ ಕಟ್ಟಬೇಕು. ಎಲ್ಲಕ್ಕಿಂತ ದೊಡ್ಡ ಶತ್ರು ನಮ್ಮ ಬಿಸಿಲು. ಮೇ ತಿಂಗಳಲ್ಲಿ ನೆರಳೇ 42 ಡಿಗ್ರಿ ದಾಟುವ ಊರಿನಲ್ಲಿ ಕೊಳವೆಯ ನೀರು ಕಾದು ಬೇರು ಕೊಳೆಯುತ್ತದೆ. ಟ್ಯಾಂಕನ್ನು ನೆಲದಲ್ಲಿ ಅರ್ಧ ಹೂಳಿ, ಮೇಲೆ ನೆರಳುಬಲೆ ಕಟ್ಟಿ, ಕೊಳವೆಗಳಿಗೆ ಒದ್ದೆ ಗೋಣಿತಾಟು ಹೊದಿಸಿ ಕಾಪಾಡಿಕೊಂಡೆವು. ಎರೆಮಣ್ಣು ಒಂದಡಿ ಆಳದಲ್ಲಿ ತಂಪಾಗಿರುವುದರ ಬೆಲೆ ಆಗ ತಿಳಿಯಿತು.

ಎರಡನೆಯ ವರ್ಷ ಮೀನುಗಳು ಬಂದವು. ಮೀನು ಮತ್ತು ಗಿಡ ಒಂದೇ ನೀರಿನಲ್ಲಿ ಬಾಳುವ ಈ ಕ್ರಮಕ್ಕೆ ಅಕ್ವಾಪೋನಿಕ್ಸ್ ಎನ್ನುತ್ತಾರೆ. ಗೊಬ್ಬರ ಕೊಂಡು ತರುವ ಬದಲು ಮೀನಿನ ಮಲವೇ ಗಿಡದ ಆಹಾರವಾಗುತ್ತದೆ. ಗಿಡ ನೀರನ್ನು ತಿಳಿಗೊಳಿಸಿ ಮೀನಿಗೆ ಮರಳಿಸುತ್ತದೆ. ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. “ಮೀನ ಯಾಕ ಸಾಕತೀರಿ, ಮಾರಾಕೇನು?” ಎಂದು ಬೀಗರು ಕೇಳಿದರು. ತಿನ್ನಲೂ ಅಲ್ಲ, ಮಾರಲೂ ಅಲ್ಲ, ಮನೆಯ ಮಂದಿಯಂತೆ ಇರಲೆಂದು ಕೋಯಿ ಎಂಬ ಬಣ್ಣದ ಗೆಂಡೆಯ 12 ಮರಿಗಳನ್ನು ತರಿಸಿದೆವು.

ಆದರೆ ಮೀನಿಗಿಂತ ಮೊದಲು ಬರಬೇಕಾದವರು ಬೇರೆ. ಮೀನು ಹೊರಹಾಕುವ ಅಮೋನಿಯ ಅದಕ್ಕೇ ವಿಷ. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟು ಮಾಡುತ್ತವೆ, ಅದೂ ವಿಷವೇ. ಮತ್ತೊಂದು ಬಗೆಯವು ಅದನ್ನು ನೈಟ್ರೇಟಾಗಿ ಮಾರ್ಪಡಿಸಿದ ಮೇಲೆ ಮಾತ್ರ ಗಿಡಕ್ಕೆ ಊಟ, ಮೀನಿಗೆ ನೆಮ್ಮದಿ. ಕಣ್ಣಿಗೆ ಕಾಣದ ಈ ಎರಡು ಪಂಗಡಗಳು ಜಲ್ಲಿಯ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆವರೆಗೆ ಮೀನಿಲ್ಲದ ನೀರಿಗೆ ತುಸು ಅಮೋನಿಯ ಹಾಕುತ್ತ, ಹನಿ ಬಿಟ್ಟು ಬಣ್ಣ ನೋಡುವ ಪರೀಕ್ಷೆಯನ್ನು ದಿನವೂ ಮಾಡುತ್ತ ಕಾಯಬೇಕು. ಹೊಸಬರಿಗೆ ಇದಕ್ಕಿಂತ ಕಠಿಣವಾದ ಪಾಠವಿಲ್ಲ, ಏಕೆಂದರೆ ನೋಡಲು ಅಲ್ಲಿ ಏನೂ ಇಲ್ಲ. ಶ್ರೀಮತಿಯವರಿಗೆ ಮಾತ್ರ ಇದು ಒಡನೆ ಅರ್ಥವಾಯಿತು. “ಹೆಪ್ಪ ಹಾಕಿದಂಗ ಅಲ್ಲೇನ್ರಿ? ಕಲಕಿದರ ಮೊಸರು ಆಗಂಗಿಲ್ಲ” ಎಂದರು. ಸೊಲ್ಲಾಪುರದ ಪರಿಚಯಸ್ಥರೊಬ್ಬರ ಹಳೆಯ ಮೀನುತೊಟ್ಟಿಯಿಂದ ಎರಡು ಹಿಡಿ ಜಲ್ಲಿಯನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ತಂದು ನಮ್ಮ ಜಲ್ಲಿಗೆ ಸೇರಿಸಿದೆವು. ನೆರೆಮನೆಯಿಂದ ಹೆಪ್ಪು ತಂದಂತೆಯೇ!

ಜಲ್ಲಿಯಲ್ಲೂ ಆಯ್ಕೆಯಿದೆ. ನಮ್ಮ ಹೊಲಗಳಲ್ಲಿ ಸಿಗುವ ಸುಣ್ಣಕಲ್ಲಿನ ಹರಳುಗಳ ಮೇಲೆ ಆಮ್ಲದ ಹನಿ ಬಿಟ್ಟರೆ ನೊರೆಯೇಳುತ್ತದೆ. ಅಂಥ ಕಲ್ಲು ಪಿಎಚ್ ಏರಿಸುತ್ತದೆ. ಆದ್ದರಿಂದ ಚೆನ್ನಾಗಿ ಬೆಂದ ಇಟ್ಟಿಗೆಯ ಚೂರುಗಳನ್ನು ತೊಳೆದು ಬಳಸಿದೆವು. ಮೂವರ ಈ ಸಂಸಾರದಲ್ಲಿ ಒಬ್ಬೊಬ್ಬರ ರುಚಿ ಒಂದೊಂದು: ಮೀನಿಗೂ ಸೂಕ್ಷ್ಮಜೀವಿಗಳಿಗೂ ಪಿಎಚ್ ಏಳರ ಮೇಲೆ ಹಿತ, ಗಿಡಕ್ಕೆ ಆರರ ಆಸುಪಾಸು ಹಿತ. ಏಳರ ಸಮೀಪದಲ್ಲಿ ಎಲ್ಲರೂ ಹೊಂದಿಕೊಂಡು ಹೋಗುತ್ತಾರೆ. ಸೂಕ್ಷ್ಮಜೀವಿಗಳ ಕೆಲಸದಿಂದ ನೀರು ಮೆಲ್ಲಮೆಲ್ಲನೆ ಹುಳಿಯಾಗುತ್ತದೆ. ಅದನ್ನು ತಡೆದು ನಿಲ್ಲಿಸಿದ್ದು ಹಿಂದಿನ ವರ್ಷ ನಮ್ಮನ್ನು ಕಾಡಿದ ಅದೇ ಬೋರಿನ ಗಡಸು ನೀರು. ಒಂದು ಕಡೆ ವೈರಿಯಾದದ್ದು ಇನ್ನೊಂದು ಕಡೆ ನೆಂಟನಾಯಿತು. ಕಬ್ಬಿಣ ಮತ್ತು ಪೊಟ್ಯಾಸಿಯಂ ಮಾತ್ರ ಮೀನಿನಿಂದ ಸಾಲದೆ ಆಗಾಗ ಹೊರಗಿನಿಂದ ಕೊಡಬೇಕಾಯಿತು. ಗಿಡಕ್ಕೆ ಹೇನು ಬಿದ್ದರೆ ಔಷಧ ಸಿಂಪಡಿಸುವಂತಿಲ್ಲ. ಎಲೆಗೆ ಬಿದ್ದದ್ದು ಮೀನಿಗೂ ಮುಟ್ಟುತ್ತದೆ. ಬೆರಳಿನಿಂದ ಒರೆಸುವುದೇ ಗತಿ.

ಮೂರನೆಯ ಬೇಸಿಗೆಯ ಒಂದು ರಾತ್ರಿಯನ್ನು ಇಲ್ಲಿ ಹೇಳಲೇಬೇಕು. ವೈಶಾಖದ ಗಾಳಿಮಳೆಗೆ ಊರಾಚೆಯ ಕಂಬಗಳು ಉರುಳಿ ಬೈಗಿನಲ್ಲೇ ಕರೆಂಟು ಹೋಯಿತು. ಇನ್ವರ್ಟರು ನಡುರಾತ್ರಿಯವರೆಗೆ ಪಂಪನ್ನು ನಡೆಸಿ ನಿಂತಿತು. ಕಾದ ನೀರು ಗಾಳಿಯನ್ನು ಕಡಿಮೆ ಹಿಡಿಯುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಒಂಬತ್ತು ಮಿಲಿಗ್ರಾಂ ಆಮ್ಲಜನಕ ಕರಗಿದರೆ, 30 ಡಿಗ್ರಿಯಲ್ಲಿ ಏಳೂವರೆ. ಆ ಅಷ್ಟನ್ನೂ ಮೀನುಗಳು, ಸೂಕ್ಷ್ಮಜೀವಿಗಳು, ಬೇರುಗಳು ಹಂಚಿಕೊಳ್ಳಬೇಕು. ಒಂದು ಗಂಟೆಯ ಹೊತ್ತಿಗೆ ಬ್ಯಾಟರಿ ಹಿಡಿದು ನೋಡಿದರೆ ಹನ್ನೆರಡೂ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಹೊಸ ನೀರು ಹಾಕೋಣವೆಂದರೆ ಮನೆಯಲ್ಲಿದ್ದುದು ಅಂದೇ ಬಂದ ಟ್ಯಾಂಕರಿನ ನೀರು. ಅದರಲ್ಲಿ ಬ್ಲೀಚಿಂಗ್ ಪುಡಿಯ ವಾಸನೆ ಇನ್ನೂ ಇಳಿದಿರಲಿಲ್ಲ. ಉಳಿದ ದಾರಿ ಒಂದೇ: ಇದ್ದ ನೀರನ್ನೇ ಎತ್ತಿ ಎತ್ತಿ ಮೇಲಿನಿಂದ ಸುರಿಯುವುದು. ಬೀಳುವ ನೀರು ಗಾಳಿಯನ್ನು ತನ್ನೊಡನೆ ಕರೆದೊಯ್ಯುತ್ತದೆ.

ಶ್ರೀಮತಿಯವರು ಕೊಡ ಹಿಡಿದರು, ನಾವು ತಂಬಿಗೆ. ಇಬ್ಬರಿಗೂ ಮಂಡಿನೋವು. ಅರ್ಧ ತಾಸಿನಲ್ಲಿ ತೋಳು ಸೋತವು. ನಿಲ್ಲಿಸಿದರೆ ಐದು ನಿಮಿಷಕ್ಕೆ ಮೀನುಗಳು ಮತ್ತೆ ಮೇಲೆ ಬರುತ್ತಿದ್ದವು. ಸದ್ದು ಕೇಳಿ ನೆರೆಮನೆಯವರು ಎದ್ದು ಬಂದು “ಕಾಯ್ ಝಾಲಂ ಗುರೂಜಿ?” ಎಂದು ಕೇಳಿದರು. ಅವರದು ಮರಾಠಿ ಮನೆ. ವಿಷಯ ತಿಳಿದದ್ದೇ ತಡ, ಗಂಡುಮಕ್ಕಳಿಬ್ಬರನ್ನು ಎಬ್ಬಿಸಿ ತಂದರು. ಸರದಿಯ ಮೇಲೆ ಬೆಳಗಾಗುವವರೆಗೆ ಸುರಿದೆವು. ಎದುರುಮನೆಯ ಹುಡುಗ ಟ್ರ್ಯಾಕ್ಟರಿನ ಬ್ಯಾಟರಿ ತಂದು ಗಾಳಿಯ ಪಂಪು ಜೋಡಿಸಿದಾಗ ಏಳು ಗಂಟೆ. ಎರಡು ಮೀನು ಉಳಿಯಲಿಲ್ಲ. ಹತ್ತು ಉಳಿದವು.

ಅಂದು ಮಧ್ಯಾಹ್ನ ಆ ಎರಡನ್ನೂ ಕರಿಬೇವಿನ ಬುಡದಲ್ಲಿ ಹೂಳಿ ಬಂದ ಮೇಲೆ ಶ್ರೀಮತಿಯವರು ಹೇಳಿದ ಮಾತು ನಮ್ಮ ಮನಸ್ಸಿನಲ್ಲಿ ಉಳಿದಿದೆ: “ಮಣ್ಣಾಗಿನ ಗಿಡಕ್ಕ ಎರಡ ದಿನಾ ನೀರ ಹಾಕಲಿಲ್ಲಂದ್ರ ತಡಕೊಂತದ. ಮಣ್ಣು ನಮ್ಮ ಬದಲಿ ನೋಡಿಕೊಂತಿರತದ. ಇಲ್ಲಿ ನಾವಽ ಮಣ್ಣಾಗಬೇಕ್ರಿ.” ಮೂರು ವರ್ಷಗಳಲ್ಲಿ ನಾವು ಅಳೆದ ಅಂಕಿಗಳೆಲ್ಲ ಹೇಳುತ್ತಿದ್ದುದು ಇದನ್ನೇ. ನೀರನ್ನು ಹಿಡಿದಿಡುವುದು, ತಂಪು ಕಾಯುವುದು, ಹುಳಿ ಉಪ್ಪುಗಳನ್ನು ಸಮ ಮಾಡುವುದು, ಕೊಳೆತದ್ದನ್ನು ಆಹಾರವಾಗಿಸುವುದು, ಬೇರಿಗೆ ಉಸಿರು ಕೊಡುವುದು: ಈ ಐದು ಕೆಲಸಗಳನ್ನು ಮಣ್ಣು ಯಾರ ಗಮನಕ್ಕೂ ಬಾರದಂತೆ ಮಾಡುತ್ತದೆ. ಮಣ್ಣನ್ನು ತೆಗೆದ ದಿನ ಆ ಐದೂ ನಮ್ಮ ಕೊರಳಿಗೆ ಬೀಳುತ್ತವೆ, ಅವುಗಳಿಗೆ ರಜೆಯಿಲ್ಲ.

ಆ ಮೇಲೆ ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪು ಶಾಶ್ವತವಾಗಿ ಬಂತು. ಹತ್ತು ಮೀನುಗಳನ್ನು ಹೆಚ್ಚಿಸಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಅರ್ಧ ಕೊಳವೆಗಳನ್ನು ಬರಿದಾಗಿಡುತ್ತೇವೆ. ಟ್ಯಾಂಕಿನ ತಳದ ಗಸಿಯನ್ನು ಹಿತ್ತಲಿನ ಎರಡು ಪಾತಿಗಳಿಗೆ ಹಾಕುತ್ತ ಬಂದುದರಿಂದ ಅಲ್ಲಿ ಬದನೆ ಮತ್ತೆ ನಿಂತಿದೆ. ಕೊಳವೆಯಲ್ಲಿ ಸೊಪ್ಪು, ಮಣ್ಣಿನಲ್ಲಿ ಕಾಯಿ ಎಂದು ಹಿತ್ತಲು ಪಾಲಾಗಿದೆ. ಬೆಳಿಗ್ಗೆ ಐದೂವರೆಗೆ ಹಿತ್ತಲ ಬಾಗಿಲು ತೆರೆಯುವ ಸದ್ದು ನಮಗೆ ಕೇಳಿಸುತ್ತದೆ.

ಈ ಸಂಚಿಕೆಯನ್ನು ಓದುವವರು ಗಡಿಯಾಚೆ ನೆಲೆಸಿದ ಕನ್ನಡಿಗರಾದ್ದರಿಂದ ಇನ್ನೊಂದು ಮಾತನ್ನು ಸೇರಿಸುವುದು ಅಪ್ರಸ್ತುತವಾಗದು. ಕರ್ನಾಟಕದ ಒಳಗೆ ಕನ್ನಡ ಮಣ್ಣಿನಲ್ಲಿ ಬೆಳೆಯುವ ಗಿಡ. ಬಸ್ಸಿನ ಫಲಕ, ಕಚೇರಿಯ ಅರ್ಜಿ, ಅಂಗಡಿಯ ಚೀಟಿ ಎಲ್ಲವೂ ಅದನ್ನು ಅರಿಯದಂತೆಯೇ ಪೋಷಿಸುತ್ತವೆ. ಎರಡು ದಿನ ಯಾರೂ ನೋಡದಿದ್ದರೂ ಅದು ತಡೆದುಕೊಳ್ಳುತ್ತದೆ. ನಮ್ಮಲ್ಲಿ ಹಾಗಲ್ಲ. ಪುಣೆಯ ಬಾಲಭಾರತಿ ಅಚ್ಚಿಸುವ ಕನ್ನಡ ಪಠ್ಯಪುಸ್ತಕ ಜೂನಿನಲ್ಲಿ ಶಾಲೆಗೆ ಮುಟ್ಟಿತೇ ಎಂದು ಒಬ್ಬರು ನೋಡಬೇಕು; ಶಿಕ್ಷಕರ ಜಾಗ ಖಾಲಿಯಾದರೆ ಒಬ್ಬರು ಅರ್ಜಿ ಹಿಡಿದು ಅಲೆಯಬೇಕು; ಒಂದನೆಯ ಇಯತ್ತೆಗೆ ಮಕ್ಕಳನ್ನು ಕರೆತರಲು ಒಬ್ಬರು ಮನೆಮನೆಗೆ ಹೋಗಬೇಕು. ನಾವು ಮುಖ್ಯಾಧ್ಯಾಪಕರಾಗಿದ್ದ ವರ್ಷಗಳಲ್ಲಿ ಮಾಡಿದ್ದು ಬಹುಪಾಲು ಇದನ್ನೇ. ಹಾಗೆಂದು ನಮ್ಮದು ಬೇರಿಲ್ಲದ ಬದುಕಲ್ಲ. ಬೇರುಗಳು ಸಿದ್ಧರಾಮರ ಕಾಲದವು. ಆ ಬೇರುಗಳಿಗೆ ದಿನವೂ ನೀರು ಎತ್ತಿ ಸುರಿಯುವ ಕೈಗಳು ಬೇಕಷ್ಟೆ. ಆ ರಾತ್ರಿ ಕೊಡ ಹಿಡಿಯಲು ಬಂದ ನೆರೆಯವರು ಮರಾಠಿಯವರೆಂಬುದನ್ನೂ ನಾವು ಮರೆಯಬಾರದು.

ಈ ಕೃಷಿಗೆ ಕೈಹಾಕಬೇಕೆಂದಿರುವ ಬಂಧುಗಳಿಗೆ ನಮ್ಮ ಬಿನ್ನಹ ಇಷ್ಟು. ಕೊಳವೆ ಕೊಳ್ಳುವ ಮೊದಲು ನೀರನ್ನು ಪರೀಕ್ಷೆ ಮಾಡಿಸಿರಿ. ಮಳೆಗಾಲ ಮುಗಿಯುವ ಹೊತ್ತಿಗೆ ಹತ್ತು ಗಿಡಗಳಿಂದ ತೊಡಗಿರಿ. ಪುದೀನ ಮತ್ತು ಪಾಲಕು ಮೊದಲು, ಹಣ್ಣು ಕಾಯಿಗಳು ಆಮೇಲೆ. ಒಂದು ಬೇಸಿಗೆ ದಾಟಿಸಿದ ಮೇಲಷ್ಟೇ ಮೀನಿನ ಯೋಚನೆ ಮಾಡಿರಿ. ಕರೆಂಟು ಇಲ್ಲದ ಇಡೀ ರಾತ್ರಿಗೆ ಗಾಳಿಯ ವ್ಯವಸ್ಥೆ ಆಗುವವರೆಗೆ ಅವುಗಳನ್ನು ತರಬೇಡಿರಿ. ನಮ್ಮ ಇಟ್ಟಿಗೆಯ ಚೂರುಗಳು ಈಗ ಚೆನ್ನಾಗಿ ಹದಗೊಂಡಿವೆ. ಬೇಕಾದವರು ಒಂದು ಒದ್ದೆ ಬಟ್ಟೆ ತಂದರೆ ಎರಡು ಹಿಡಿ ಹೆಪ್ಪು ಕಟ್ಟಿಕೊಡುತ್ತೇವೆ.